ನಿಮ್ಮ ಹೊಲಕ್ಕೆ ವಿದ್ಯಾರ್ಥಿ ಬಂದಾಗ



ಮುಂಗಾರು ಬಿತ್ತನೆ ಮುಗಿದು ತೊಗರಿ ಸಾಲಿನಲ್ಲಿ ಎಡೆಕುಂಟೆ ಓಡಾಡುವ ದಿನಗಳಲ್ಲಿ ಶಹಾಪುರ, ಸುರಪುರ, ಯಾದಗಿರಿ ಭಾಗದ ಹಳ್ಳಿಗಳಿಗೆ ಕೃಷಿ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಬಂದು ಇಳಿಯುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಹೆಗಲಿಗೆ ಒಂದು ಚೀಲ, ಕೈಯಲ್ಲಿ ದಿನಚರಿ ಪುಸ್ತಕ. ಪಂಚಾಯಿತಿ ಕಟ್ಟೆಯ ಮೇಲೆ ಕೂತ ಹಿರಿಯರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ತಮ್ಮಾ, ಸಬ್ಸಿಡಿ ಏನರ ತಂದೀಯೇನು?" ಹುಡುಗ ತಲೆ ತಗ್ಗಿಸಿ, "ಇಲ್ರಿ ಕಾಕಾ, ನಾವು ಕಲೀಲಿಕ್ಕೆ ಬಂದೀವಿ" ಎನ್ನುತ್ತಾನೆ. ಅಲ್ಲಿಗೆ ಅರ್ಧ ಜನಕ್ಕೆ ಅವನ ಮೇಲಿನ ಆಸಕ್ತಿ ಹೊರಟುಹೋಗುತ್ತದೆ. ಉಳಿದವರು, "ಪುಸ್ತಕ ಓದಿದ ಹುಡುಗರು, ಇವರಿಂದ ನಮಗೇನು ಆಗಬೇಕು" ಎಂದು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಈ ಎರಡು ಬಗೆಯ ಲೆಕ್ಕಾಚಾರವೂ ರೈತರಿಗೆ ನಷ್ಟದ್ದೇ. ಆ ಹುಡುಗ ಸಬ್ಸಿಡಿ ತಂದಿಲ್ಲವೆಂಬುದು ನಿಜ. ಆದರೆ ಅವನು ತಂದಿರುವುದು ಬೇರೆ ಯಾರೂ ತಾರದ ಒಂದು ವಸ್ತು: ನಿಮ್ಮ ಹೊಲದಲ್ಲಿ ನಿಂತು ನೋಡಲು, ಅಳೆಯಲು, ಬರೆದಿಡಲು ಎರಡು ತಿಂಗಳ ಸಮಯ. ಈ ಸಮಯವನ್ನು ಹೇಗೆ ಉಪಯೋಗಿಸಿಕೊಳ್ಳಬೇಕು, ಅದರಿಂದ ನಿಮ್ಮ ನೆಲಕ್ಕೂ ನಿಮ್ಮ ಮಕ್ಕಳಿಗೂ ಏನು ಲಾಭ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇವರು ಯಾರು, ಏಕೆ ಬರುತ್ತಾರೆ?

ಬಿ.ಎಸ್ಸಿ. (ಕೃಷಿ) ಪದವಿ ನಾಲ್ಕು ವರ್ಷದ್ದು. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತರಗತಿಯನ್ನು ಬಿಟ್ಟು ಹಳ್ಳಿಯಲ್ಲಿ ಇದ್ದು ಕಲಿಯುವುದು ಕಡ್ಡಾಯ. ಇದಕ್ಕೆ 'ಗ್ರಾಮೀಣ ಕೃಷಿ ಕಾರ್ಯಾನುಭವ' ಎಂದು ಹೆಸರು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇಮಿಸಿದ್ದ ರಾಂಧವಾ ಸಮಿತಿಯು 1992ರಲ್ಲಿ ಇದನ್ನು ಶಿಫಾರಸು ಮಾಡಿತು. 2015ರ ಜುಲೈ 25ರಂದು ಆರಂಭವಾದ 'ಸ್ಟೂಡೆಂಟ್ ರೆಡಿ' ಕಾರ್ಯಕ್ರಮದಲ್ಲಿ ಇದೂ ಒಂದು ಭಾಗವಾಯಿತು. ಪರಿಷತ್ತಿನ ಐದನೆಯ ಡೀನರ ಸಮಿತಿಯು ಹಾಕಿಕೊಟ್ಟ ಕ್ರಮದಂತೆ ಇಡೀ ಕಾರ್ಯಕ್ರಮ 20 ವಾರಗಳದ್ದು. ಅದರಲ್ಲಿ 8 ವಾರ ಹಳ್ಳಿವಾಸ, 5 ವಾರ ಸಂಶೋಧನಾ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೆಲಸ, 2 ವಾರ ಸಸ್ಯ ಚಿಕಿತ್ಸಾಲಯ, 3 ವಾರ ಕೃಷಿ ಉದ್ಯಮದಲ್ಲಿ ಅನುಭವ. ಉಳಿದ ಎರಡು ವಾರಗಳಲ್ಲಿ ಒಂದು ಪೂರ್ವಸಿದ್ಧತೆಗೆ, ಒಂದು ವರದಿ ಬರೆಯುವುದಕ್ಕೆ.

ನಮ್ಮ ಭಾಗದಲ್ಲಿ ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಅದು 2008ರಲ್ಲಿ ಧಾರವಾಡದಿಂದ ಬೇರೆಯಾಗಿ ರೂಪುಗೊಂಡ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆ. ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೀಗೆ ಬರುವ ವಿದ್ಯಾರ್ಥಿಗಳಲ್ಲಿ ರೈತರ ಮಕ್ಕಳೂ ಇದ್ದಾರೆ, ಎತ್ತಿನ ಹಗ್ಗ ಹಿಡಿದೇ ನೋಡದ ಪಟ್ಟಣದ ಮಕ್ಕಳೂ ಇದ್ದಾರೆ. ಎರಡು ಮೂರು ವರ್ಷ ಕಳೆಯುವುದರೊಳಗೆ ಇವರಲ್ಲಿ ಕೆಲವರು ಕೃಷಿ ಅಧಿಕಾರಿಗಳಾಗಿ, ಕೆಲವರು ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿ ನೋಡುವವರಾಗಿ, ಕೆಲವರು ಬೀಜ, ಗೊಬ್ಬರದ ಕಂಪನಿಗಳ ಪ್ರತಿನಿಧಿಗಳಾಗಿ ಮತ್ತೆ ಹಳ್ಳಿಗೆ ಬರುತ್ತಾರೆ. ಇಂದು ನಿಮ್ಮ ಹೊಲದಲ್ಲಿ ಅವರು ಏನು ಕಲಿಯುತ್ತಾರೋ ನಾಳೆ ಅದರಂತೆಯೇ ಸಲಹೆ ಕೊಡುತ್ತಾರೆ. ಆದ್ದರಿಂದ ಅವರಿಗೆ ಸರಿಯಾಗಿ ಕಲಿಸುವುದರಲ್ಲಿ ನಿಮ್ಮ ಹಿತವೇ ಅಡಗಿದೆ.

ಒಳ್ಳೆಯ ಹೊಲ ಬೇಡ, ಕೆಟ್ಟ ಹೊಲ ತೋರಿಸಿ

ಪ್ರತಿ ವಿದ್ಯಾರ್ಥಿಗೂ ಒಬ್ಬ ಆತಿಥೇಯ ರೈತನನ್ನು ಗೊತ್ತುಮಾಡುತ್ತಾರೆ. ಮನೆಗೆ ಬಂದವರಿಗೆ ಒಳ್ಳೆಯದನ್ನೇ ತೋರಿಸಬೇಕೆಂಬುದು ನಮ್ಮ ಜನರ ರೂಢಿ. ಎದೆಯೆತ್ತರ ಬೆಳೆದ ಹತ್ತಿ, ಹೊಸ ಟ್ರ್ಯಾಕ್ಟರು, ಕೊಟ್ಟಿಗೆಯ ಎಮ್ಮೆ ಇವುಗಳನ್ನು ತೋರಿಸಿ, ಚಹಾ ಕುಡಿಸಿ, ಒಂದು ಫೋಟೋ ತೆಗೆಸಿಕೊಂಡು ಕಳಿಸಿದರೆ ಮರ್ಯಾದೆ ಆಯಿತೆಂದು ತಿಳಿಯುತ್ತೇವೆ. ಮರ್ಯಾದೆ ಇರಲಿ. ಆದರೆ ಕಲಿಯಲು ಬಂದವನಿಗೆ ಒಳ್ಳೆಯ ಹೊಲದಿಂದ ಕಲಿಯುವುದು ಕಡಿಮೆ. ಯಾವ ತುಂಡಿನಲ್ಲಿ ಬೀಜ ಸರಿಯಾಗಿ ಹುಟ್ಟುವುದಿಲ್ಲ, ಎಲ್ಲಿ ತೊಗರಿ ಹಳದಿಯಾಗಿ ನಿಲ್ಲುತ್ತದೆ, ಎಲ್ಲಿ ಮಳೆ ನಿಂತ ಮೇಲೂ ಹದಿನೈದು ದಿನ ಕುಂಟೆ ಹಾಕಲು ಬರುವುದಿಲ್ಲ, ಅಲ್ಲಿಗೆ ಅವನನ್ನು ಕರೆದೊಯ್ಯಿರಿ. "ಇದು ಹೀಗ್ಯಾಕ ಆಗ್ಯದ, ಎರಡು ತಿಂಗಳದಾಗ ನೋಡಿ ಹೇಳು" ಎಂದು ಅವನಿಗೆ ಆ ಕೆಲಸ ವಹಿಸಿರಿ. ಅವನಿಗೆ ಗೊತ್ತಾಗದಿದ್ದರೆ ಅವನ ಹಿಂದೆ ಅಧ್ಯಾಪಕರಿದ್ದಾರೆ, ಪ್ರಯೋಗಾಲಯವಿದೆ. ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಾಗಿ ಹೋದ ನಿಮ್ಮ ಸಮಸ್ಯೆ ವಿಶ್ವವಿದ್ಯಾಲಯದವರೆಗೂ ಮುಟ್ಟುತ್ತದೆ.

ನೆಲದ ಮೇಲೆ ಊರಿನ ನಕ್ಷೆ

ಮೊದಲ ವಾರದಲ್ಲಿ ವಿದ್ಯಾರ್ಥಿಗಳು ಗುಡಿಯ ಮುಂದಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುವುದುಂಟು. ಮಕ್ಕಳ ಆಟದಂತೆ ಕಂಡರೂ ಇದರಲ್ಲಿ ಸತ್ವವಿದೆ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಸರ್ವೆ ನಂಬರು ಇರುತ್ತದೆ. ಯಾವ ಹೊಲದ ನೀರು ಯಾವ ಹೊಲಕ್ಕೆ ಇಳಿಯುತ್ತದೆ ಎಂಬುದು ಇರುವುದಿಲ್ಲ. ಅದು ಇರುವುದು ನಿಮ್ಮ ತಲೆಯಲ್ಲಿ. ಮಸಾರಿ ನೆಲ ಎಲ್ಲಿಗೆ ಮುಗಿಯುತ್ತದೆ, ಎರೆ ಎಲ್ಲಿಂದ ಹಿಡಿಯುತ್ತದೆ, ಹಳ್ಳ ಮೊದಲು ಎಲ್ಲಿ ಹರಿಯುತ್ತಿತ್ತು, ಯಾವ ಬಾವಿಯ ನೀರು ಯಾವ ವರ್ಷದಿಂದ ಉಪ್ಪಾಯಿತು, ಇವೆಲ್ಲವನ್ನೂ ಊರಿನ ಹಿರಿಯರೇ ಹೇಳಬೇಕು. ಆದ್ದರಿಂದ ಈ ದಿನ ಊರಿನಲ್ಲಿದ್ದವರೆಲ್ಲ ಹೋಗಿ ನಿಲ್ಲಿರಿ, ತಪ್ಪಿದ್ದಲ್ಲಿ ತಿದ್ದಿರಿ. ನಕ್ಷೆ ಮುಗಿದ ಮೇಲೆ ಅದನ್ನು ಕಾಗದಕ್ಕೆ ಇಳಿಸಿ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡುವಂತೆ ಕೇಳಿರಿ.

ನಂತರ ವಿದ್ಯಾರ್ಥಿಯೊಡನೆ ಒಮ್ಮೆ ಊರಿನ ಎತ್ತರದ ದಿಬ್ಬದಿಂದ ತಗ್ಗಿನ ಹಳ್ಳದವರೆಗೆ ನಡೆಯಿರಿ. ಕಲ್ಲು ಬಂಡೆ, ಅದರ ಕೆಳಗೆ ತೆಳು ಮಸಾರಿ, ಅದರ ಕೆಳಗೆ ಮಧ್ಯಮ ಎರೆ, ಹಳ್ಳದ ಬದಿಗೆ ಆಳದ ಎರೆ ಎಂಬ ಈ ಸರಣಿ ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಕಾಣುತ್ತದೆ. ಮೇಲಿನ ನೆಲ ಕಳೆದುಕೊಂಡದ್ದು ಕೆಳಗಿನ ನೆಲಕ್ಕೆ ಬಂದಿರುತ್ತದೆ. ಮಣ್ಣು ಬಂದಂತೆ ಉಪ್ಪೂ ಬಂದಿರುತ್ತದೆ. ಈ ಒಂದು ನಡಿಗೆಯಲ್ಲಿ ವಿದ್ಯಾರ್ಥಿ ಕಲಿಯುವಷ್ಟನ್ನು ಒಂದು ತಿಂಗಳ ಪಾಠದಲ್ಲಿ ಕಲಿಸುವುದು ಕಷ್ಟ.

ನೀರು ಬಂದ ಮೇಲೆ ನೆಲದ ಸ್ಥಿತಿ

ಈಗ ನಮ್ಮ ಭಾಗದ ಮುಖ್ಯ ಪ್ರಶ್ನೆಗೆ ಬರೋಣ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಸಿದ್ಧವಾಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಸುರಪುರ, ಶಹಾಪುರ ಭಾಗದ ಒಣ ಎರೆ ನೆಲಕ್ಕೆ ನೀರು ತಂದವು. ಯೋಜನೆಯ ಮೊದಲ ಎರಡು ಹಂತಗಳು ಸೇರಿ 6.22 ಲಕ್ಷ ಹೆಕ್ಟೇರು ಭೂಮಿಗೆ ನೀರುಣಿಸುವ ಉದ್ದೇಶವಿತ್ತು. ಇಷ್ಟು ವಿಸ್ತಾರಕ್ಕೆ ನೀರು ಮುಟ್ಟಬೇಕಾದರೆ ಬೆಳೆ ಹಗುರವಾಗಿರಬೇಕು. ಆದ್ದರಿಂದಲೇ ಜೋಳ, ತೊಗರಿ, ಶೇಂಗಾ, ಸೂರ್ಯಕಾಂತಿ, ಹತ್ತಿಯಂತಹ ಅರೆ ಖುಷ್ಕಿ ಬೆಳೆಗಳನ್ನು ಲೆಕ್ಕದಲ್ಲಿಟ್ಟು ಕಾಲುವೆಗಳನ್ನು ರೂಪಿಸಿದರು. ಭತ್ತ, ಕಬ್ಬು ಆ ಲೆಕ್ಕದಲ್ಲಿ ಇರಲಿಲ್ಲ.

ಆದರೆ ಕಾಲುವೆಯ ತಲೆಭಾಗದಲ್ಲಿ ಭತ್ತ ಹರಡಿತು. ಕಾರಣ ಎಲ್ಲರಿಗೂ ತಿಳಿದದ್ದೇ: ನೀರು ಮನೆ ಮುಂದೆ ಹರಿಯುತ್ತದೆ, ಭತ್ತಕ್ಕೆ ಖಚಿತವಾದ ಮಾರುಕಟ್ಟೆಯಿದೆ, ಕೀಟದ ಹೆದರಿಕೆ ಹತ್ತಿಗಿಂತ ಕಡಿಮೆ. ಒಬ್ಬ ರೈತನ ಲೆಕ್ಕ ಅವನ ಮಟ್ಟಿಗೆ ಸರಿಯೇ. ಆದರೆ ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡರಿಂದ ಮೂರು ಎಕರೆ ಅರೆ ಖುಷ್ಕಿ ಬೆಳೆ ತೆಗೆಯಬಹುದು. ಪರಿಣಾಮವಾಗಿ ಕಾಲುವೆಯ ಕೊನೆಯ ಭಾಗದ ರೈತ ತನ್ನ ಸರದಿ ಬಂದಾಗಲೂ ಒಣ ಕಾಲುವೆ ನೋಡುವಂತಾಗುತ್ತದೆ. ಇತ್ತ ತಲೆಭಾಗದ ತಗ್ಗು ಹೊಲಗಳಲ್ಲಿ ಇಂಗಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಮೇಲೇರುತ್ತದೆ. ಅಂದರೆ ಒಂದೇ ಕಾಲುವೆ ಕೊನೆಯ ರೈತನನ್ನು ಒಣಗಿಸುತ್ತದೆ, ತಗ್ಗಿನ ರೈತನನ್ನು ಜವಳಿಗೆ ದೂಡುತ್ತದೆ.

ಎರೆ ಮಣ್ಣಿನಲ್ಲಿ ಜೇಡಿ ಹೆಚ್ಚು. ನೀರು ಒಳಗೆ ನಿಧಾನವಾಗಿ ಇಳಿಯುತ್ತದೆ, ಅಷ್ಟೇ ನಿಧಾನವಾಗಿ ಹೊರಗೆ ಬಸಿಯುತ್ತದೆ. ಅಂತರ್ಜಲವು ನೆಲದಿಂದ ಒಂದೂವರೆ ಮೀಟರಿಗಿಂತ ಮೇಲಕ್ಕೆ ಬಂದರೆ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಲವಣ ಮೇಲೆಯೇ ಉಳಿಯುತ್ತದೆ. ವರ್ಷ ವರ್ಷಕ್ಕೆ ಹೀಗಾಗಿ ಹೊಲದ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಇದನ್ನೇ ನಾವು ಸವಳು ಎನ್ನುವುದು. ತೊಗರಿ, ಹೆಸರು, ಕಡಲೆ ಇಂಥ ದ್ವಿದಳ ಬೆಳೆಗಳು ಸವಳನ್ನು ಸಹಿಸುವುದಿಲ್ಲ. ಹತ್ತಿ ತಕ್ಕಮಟ್ಟಿಗೆ ತಾಳುತ್ತದೆ. ತೊಗರಿಯ ನಾಡು ಎನಿಸಿದ ಭಾಗದಲ್ಲಿ ತೊಗರಿಯೇ ಬೆಳೆಯದ ತುಂಡುಗಳು ಹೆಚ್ಚುವುದೆಂದರೆ ಅದು ಸಣ್ಣ ಮಾತಲ್ಲ. ಬಿಳಿ ಪುಡಿ ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಹಳೆಯದಾಗಿರುತ್ತದೆ. ಅದಕ್ಕೂ ಮೊದಲೇ ತಿಳಿಯುವ ಉಪಾಯವೆಂದರೆ ಅಳತೆ. ಇಲ್ಲಿಯೇ ವಿದ್ಯಾರ್ಥಿಯ ಎರಡು ತಿಂಗಳು ನಿಮಗೆ ಉಪಯೋಗಕ್ಕೆ ಬರುವುದು.

ವಿದ್ಯಾರ್ಥಿಯಿಂದ ಮಾಡಿಸಬೇಕಾದ ನಾಲ್ಕು ಕೆಲಸಗಳು

ಒಂದು: ಮಳೆಯ ಅಳತೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಒಂದು ಡಬ್ಬಿಯನ್ನು ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗಾಡದಂತೆ ಇಡಿರಿ. ಪ್ರತಿದಿನ ಬೆಳಿಗ್ಗೆ ಒಂದೇ ವೇಳೆಗೆ ಅದರಲ್ಲಿನ ನೀರಿನ ಎತ್ತರವನ್ನು ಅಳತೆ ಪಟ್ಟಿಯಿಂದ ನೋಡಿ ಬರೆದು, ಚೆಲ್ಲಿರಿ. ಒಂದು ಎಕರೆಯಲ್ಲಿ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರು ನೀರು, 25 ಮಿ.ಮೀ. ಮಳೆ ಎಂದರೆ ಸುಮಾರು ಒಂದು ಲಕ್ಷ ಲೀಟರು. ಈ ಲೆಕ್ಕ ಕೈಗೆ ಬಂದರೆ ಮಳೆ ಬಿದ್ದ ಮರುದಿನವೇ ಕಾಲುವೆ ನೀರು ಹಾಯಿಸುವ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.

ಎರಡು: ಮಣ್ಣಿನ ಪದರ ನೋಡುವುದು. ಇದಕ್ಕೆ ಹೊಸ ಗುಂಡಿಯನ್ನೇ ತೋಡಬೇಕೆಂದಿಲ್ಲ. ಹೊಸದಾಗಿ ತೋಡಿದ ಕೃಷಿ ಹೊಂಡದ ಗೋಡೆ ಅಥವಾ ಹಳ್ಳದ ದಂಡೆಯನ್ನು ಸಲಿಕೆಯಿಂದ ಕೆರೆದರೆ ಸಾಕು. ಹಸಿ ಎರೆ ಮಣ್ಣಿನ ಗೋಡೆ ಕುಸಿಯುವ ಸಂಭವವಿರುವುದರಿಂದ ಮಳೆ ಬಿಡುವು ಕೊಟ್ಟು ನೆಲ ಆರಿದ ಮೇಲೆ ಈ ಕೆಲಸ ಮಾಡಬೇಕು. ಬೇರು ಎಷ್ಟು ಆಳಕ್ಕೆ ಹೋಗಿದೆ, ಸುಣ್ಣದ ಹರಳುಗಳು ಎಲ್ಲಿಂದ ಶುರುವಾಗುತ್ತವೆ, ಗಟ್ಟಿ ಪದರ ಎಲ್ಲಿದೆ ಎಂಬುದನ್ನು ವಿದ್ಯಾರ್ಥಿ ಅಳೆದು ಬರೆದುಕೊಳ್ಳಲಿ. ಒಂದು ಮೀಟರು ಆಳದ ಒಳ್ಳೆಯ ಎರೆ ಮಣ್ಣು ಬೆಳೆಗೆ ಸಿಗುವಂತೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದೆ ಬೆಳೆಯುವುದು ಈ ಗಂಟಿನ ಮೇಲೆಯೇ. ಅರ್ಧ ಮೀಟರಿಗಿಂತ ತೆಳುವಾದ ಮಣ್ಣಿನಲ್ಲಿ ಆ ಗಂಟು ಇರುವುದಿಲ್ಲ. ಅಲ್ಲಿ ಹೆಸರು, ಸಜ್ಜೆಯಂತಹ ಅಲ್ಪಾವಧಿ ಬೆಳೆಯೇ ಕ್ಷೇಮ.

ಮೂರು: ಅಂತರ್ಜಲದ ಮಟ್ಟ. ತಗ್ಗಿನ ಹೊಲದ ಒಂದು ಮೂಲೆಯಲ್ಲಿ ಎರಡು ಮೀಟರು ಆಳದ ಸಣ್ಣ ರಂಧ್ರ ಕೊರೆದು, ಕೆಳಭಾಗದಲ್ಲಿ ತೂತುಗಳಿರುವ ಒಂದು ಪಿ.ವಿ.ಸಿ. ಕೊಳವೆಯನ್ನು ಇಳಿಸಿರಿ. ಬಾಯಿಗೆ ಮುಚ್ಚಳ ಹಾಕಿರಿ. ವಾರಕ್ಕೊಮ್ಮೆ ದಾರಕ್ಕೆ ಸಣ್ಣ ಭಾರ ಕಟ್ಟಿ ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ನೋಡಬೇಕು. ಕಾಲುವೆಗೆ ನೀರು ಬಿಡುವ ಮುಂಚೆ ಎಷ್ಟಿತ್ತು, ಬಿಟ್ಟ ಮೇಲೆ ಎಷ್ಟಾಯಿತು, ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಇಳಿಯಿತು ಎಂಬುದು ಇದರಿಂದ ತಿಳಿಯುತ್ತದೆ. ವಿದ್ಯಾರ್ಥಿ ಎಂಟು ವಾರ ಬರೆಯಲಿ; ಅವನು ಹೋದ ಮೇಲೆ ನಿಮ್ಮ ಮಗನೋ ಮಗಳೋ ಅದನ್ನು ಮುಂದುವರಿಸಲಿ. ಕೊಳವೆ ಅಲ್ಲಿಯೇ ಇರುತ್ತದಲ್ಲವೇ?

ನಾಲ್ಕು: ಮಣ್ಣು ಪರೀಕ್ಷೆ. ಮುಂಗಾರಿ ಹೆಸರು ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಹೆಸರು ತೆಗೆದು ಹಿಂಗಾರಿ ಬಿತ್ತುವ ನಡುವಿನ ದಿನಗಳು ಮಣ್ಣಿನ ಮಾದರಿ ತೆಗೆಯಲು ಸಕಾಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ, ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ ಆರು ಅಂಗುಲ ಆಳದ ಗುಂಡಿ ತೆಗೆದು ಅದರ ಬದಿಯ ಮಣ್ಣನ್ನು ಕೆರೆದುಕೊಳ್ಳಬೇಕು. ಬದು, ತಿಪ್ಪೆ ಹಾಕಿದ ಸ್ಥಳ, ಮರದ ನೆರಳು, ನೀರು ನಿಲ್ಲುವ ಮೂಲೆ ಇವನ್ನು ಬಿಡಬೇಕು. ಎಲ್ಲವನ್ನೂ ಕಲಸಿ ಅರ್ಧ ಕಿಲೋ ಉಳಿಸಿ, ನೆರಳಿನಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ ಸರ್ವೆ ನಂಬರು ಬರೆಯಬೇಕು. ಕೆಟ್ಟ ತುಂಡಿನ ಮಾದರಿಯನ್ನು ಒಳ್ಳೆಯ ತುಂಡಿನದರೊಡನೆ ಕಲಸಕೂಡದು; ಎರಡೂ ಬೇರೆ ಬೇರೆ ಹೋಗಬೇಕು.

ಪರೀಕ್ಷೆಯ ಫಲ ಬಂದಾಗ ಒಂದು ಅಂಶವನ್ನು ವಿಶೇಷವಾಗಿ ಗಮನಿಸಿರಿ. ಉಪ್ಪು ಮಣ್ಣು ಬೇರೆ, ಕ್ಷಾರ ಮಣ್ಣು ಬೇರೆ. ಸಂತೃಪ್ತ ಸಾರದ ವಿದ್ಯುತ್ ವಾಹಕತೆ 4 ಡೆಸಿ ಸೀಮನ್‌ಗಿಂತ ಹೆಚ್ಚಾಗಿ, ರಸಸಾರ 8.5ಕ್ಕಿಂತ ಕಡಿಮೆ ಇದ್ದರೆ ಅದು ಉಪ್ಪು ಮಣ್ಣು. ಒಳ್ಳೆಯ ನೀರು ಕಟ್ಟಿ ಬಸಿಗಾಲುವೆಯ ಮೂಲಕ ತೊಳೆದು ಕಳಿಸುವುದು ಇದಕ್ಕೆ ಮದ್ದು. ರಸಸಾರ 8.5ಕ್ಕಿಂತ ಹೆಚ್ಚಿದ್ದು ಸೋಡಿಯಂ ಸೇರಿಕೊಂಡಿದ್ದರೆ ಅದು ಕ್ಷಾರ ಮಣ್ಣು. ಇದಕ್ಕೆ ಬರೀ ನೀರು ಸಾಲದು, ಜಿಪ್ಸಂ ಬೇಕು. ಎಷ್ಟು ಬೇಕೆಂಬುದನ್ನು ಪರೀಕ್ಷೆಯೇ ಹೇಳಬೇಕು. ಪಕ್ಕದ ಹೊಲದವರು ಹಾಕಿದರೆಂದು ನೀವೂ ಅಷ್ಟೇ ಹಾಕುವುದು ಸಲ್ಲದು. ಬಸಿಗಾಲುವೆಯಿಲ್ಲದ ಹೊಲಕ್ಕೆ ಜಿಪ್ಸಂ ಹಾಕಿದರೆ ಹಣ ಹೋಗುತ್ತದೆ, ಸೋಡಿಯಂ ಅಲ್ಲೇ ಉಳಿಯುತ್ತದೆ. ಇದರ ಜೊತೆಗೆ ಡಯಾಂಚ ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸುವುದು ಬಹಳ ಉಪಯುಕ್ತ.

ಮನೆಯಲ್ಲಿಯೇ ಒಂದು ಸುಳಿವು ಪಡೆಯಬಹುದು. ಗಾಜಿನ ಲೋಟದಲ್ಲಿ ಮಳೆಯ ನೀರು ತುಂಬಿ, ಒಣಗಿದ ಮಣ್ಣಿನ ಸಣ್ಣ ಹೆಂಟೆಯೊಂದನ್ನು ಮೆಲ್ಲಗೆ ಬಿಡಿರಿ. ಅಲುಗಾಡಿಸಬೇಡಿರಿ. ಹೆಂಟೆಯ ಸುತ್ತ ಹಾಲಿನಂತೆ ಕದಡು ಹರಡಿ ಮರುದಿನವೂ ನೀರು ತಿಳಿಯಾಗದಿದ್ದರೆ ಸೋಡಿಯಂ ಇರುವ ಶಂಕೆ ಪಡಬೇಕು. ಇದು ಸುಳಿವು ಮಾತ್ರ. ನಿರ್ಣಯ ಪ್ರಯೋಗಾಲಯದ್ದೇ.

ಅಳತೆಯ ಪುಸ್ತಕ ಯಾರಿಗೆ ತೋರಿಸಬೇಕು?

"ನಮ್ಮ ಹೊಲ ಜವಳಾಗ್ಯದ" ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ, ಎಂಟು ವಾರದ ನೀರಿನ ಮಟ್ಟ, ಮಣ್ಣು ಪರೀಕ್ಷೆಯ ಫಲ, ಊರಿನ ನಕ್ಷೆ ಮೂರನ್ನೂ ಮುಂದಿಟ್ಟು ಮಾತನಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವು 'ಕಾಡಾ' ಎನ್ನುವ ಕಚೇರಿ, ಭೀಮರಾಯನಗುಡಿಯಲ್ಲಿಯೇ ಇದೆ. ನಿಮ್ಮ ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಈ ಪುಸ್ತಕವನ್ನು ಮೊದಲು ಓದಿಸಿರಿ. ತಲೆಭಾಗದವರೂ ಕೊನೆಯ ಭಾಗದವರೂ ಒಂದೇ ನಕ್ಷೆಯ ಮುಂದೆ ಕೂತಾಗ ಜಗಳದ ಮಾತು ಕಡಿಮೆಯಾಗಿ ಲೆಕ್ಕದ ಮಾತು ಶುರುವಾಗುತ್ತದೆ. ವಿದ್ಯಾರ್ಥಿ ಊರಿನ ಯಾವ ಪಂಗಡಕ್ಕೂ ಸೇರದವನಾದ್ದರಿಂದ ಅವನ ಅಳತೆಯನ್ನು ಎರಡೂ ಕಡೆಯವರು ಒಪ್ಪುವ ಸಂಭವ ಹೆಚ್ಚು.

2010ರ ದಶಕದಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ನಡೆದ ಸುಜಲ-3 ಯೋಜನೆಯಲ್ಲಿ ರಾಜ್ಯದ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳ ಭೂ ಸಂಪನ್ಮೂಲ ಸಮೀಕ್ಷೆ ಮಾಡಿದರು. ಯಾದಗಿರಿಯೂ ಅದರಲ್ಲಿ ಒಂದು. ಸರ್ವೆ ನಂಬರು ಕಾಣುವಂತಹ 1:7,920 ಪ್ರಮಾಣದ ನಕ್ಷೆಗಳಲ್ಲಿ ಮಣ್ಣಿನ ಆಳ, ಇಳಿಜಾರು, ಕೊಚ್ಚಣೆ, ಪೋಷಕಾಂಶ, ಸೂಕ್ತ ಬೆಳೆ ಇವನ್ನೆಲ್ಲ ಗುರುತಿಸಲಾಗಿದೆ. ನಿಮ್ಮ ಊರು ಅದರಲ್ಲಿ ಸೇರಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವ ಕೆಲಸವನ್ನೂ ವಿದ್ಯಾರ್ಥಿಗೆ ಒಪ್ಪಿಸಬಹುದು. ಆ ನಕ್ಷೆಯನ್ನು ತಂದು ಹೊಲದಲ್ಲಿ ನಿಂತು ಓದಿ ಹೇಳುವುದು ಅವನ ವಿದ್ಯೆಗೂ ಒಳ್ಳೆಯ ಪರೀಕ್ಷೆ.

ಹೆಣ್ಣುಮಕ್ಕಳು ಬಂದಾಗ

ಈಗ ಕೃಷಿ ಪದವಿ ಓದುವವರಲ್ಲಿ ಹೆಣ್ಣುಮಕ್ಕಳು ಬಹಳ ಮಂದಿ. ಅವರ ವಾಸಕ್ಕೆ ಭದ್ರವಾದ ಮನೆ, ಶೌಚಾಲಯ, ಸಂಜೆ ಹೊತ್ತಿಗೆ ಹೊಲದಿಂದ ಮರಳುವಾಗ ಜೊತೆ, ಇಷ್ಟನ್ನು ಊರಿನವರು ನೋಡಿಕೊಂಡರೆ ಸಾಕು. ಅವರಿಂದ ಆಗುವ ಒಂದು ಕೆಲಸ ಗಂಡುಹುಡುಗರಿಂದ ಆಗುವುದಿಲ್ಲ. ಬೀಜ ಆರಿಸುವುದು, ಕಾಳು ಕಾಪಾಡುವುದು ನಮ್ಮ ಮನೆಗಳಲ್ಲಿ ಹೆಂಗಸರ ಕೈಯಲ್ಲಿದೆ. ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸುವುದು, ಜೋಳಕ್ಕೆ ಬೂದಿ, ಬೇವಿನ ಎಲೆ ಬೆರೆಸುವುದು, ಯಾವ ಹೊಲದ ಜೋಳದ ರೊಟ್ಟಿ ಮೆತ್ತಗಾಗುತ್ತದೆ ಎಂಬುದು ಇವೆಲ್ಲ ಅಡಿಗೆಮನೆಯಲ್ಲಿ ಕೂತು ಮಾತಾಡಿದಾಗ ಮಾತ್ರ ಹೊರಬೀಳುವ ವಿಷಯಗಳು. ವಿದ್ಯಾರ್ಥಿನಿ "ಅವ್ವಾರ, ಇದನ್ನ ಹ್ಯಾಂಗ ಇಡ್ತೀರಿ?" ಎಂದು ಕೇಳಿದಾಗ ಮನೆಯ ಹಿರಿಯಳು ತಾನೂ ಗುರು ಎಂದು ತಿಳಿದು ಹೇಳಲಿ. ಅದು ಪುಸ್ತಕಕ್ಕೆ ಏರಬೇಕಾದ ವಿದ್ಯೆ.

ಕೆರೆ ಮತ್ತು ಬದುವಿನ ಮರ

ನೆಲ ನೀರುಗಳ ಪಾಠ ಹೊಲದ ಬದುವಿಗೇ ಮುಗಿಯುವುದಿಲ್ಲ. ಸುರಪುರ ತಾಲೂಕಿನ ಬೋನಾಳ ಕೆರೆ ಸಂಸ್ಥಾನದ ಕಾಲದಿಂದ ಇರುವಂಥದು. ಇಂದು ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಇತ್ತ ಬರುತ್ತವೆ. ಕೆರೆಯಲ್ಲಿ ನೀರಿದ್ದರೆ ಸುತ್ತಲ ಬಾವಿಯಲ್ಲಿ ನೀರು, ದನಕ್ಕೆ ನೀರು, ಹಕ್ಕಿಗೂ ನೀರು. ವಿದ್ಯಾರ್ಥಿಯನ್ನು ನಿಮ್ಮ ಊರಿನ ಕೆರೆಗೂ ಕರೆದೊಯ್ದು ಹೂಳು ಎಷ್ಟು ತುಂಬಿದೆ ನೋಡಿಸಿರಿ. ಕೆರೆಯ ಹೂಳು ಮಸಾರಿ ಹೊಲಕ್ಕೆ ಒಳ್ಳೆಯದು, ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ಆದರೆ ಹೇರುವ ಮುಂಚೆ ಹೂಳನ್ನೂ ಪರೀಕ್ಷೆ ಮಾಡಿಸಬೇಕು. ಉಪ್ಪಿನ ಹೂಳನ್ನು ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ತರುವುದು ಬೇಡ. ಹಾಗೆಯೇ ಬದುವಿನ ಬೇವು, ಕರಿಜಾಲಿ, ಬನ್ನಿ ಮರಗಳನ್ನು ಎಣಿಸಿ ಬರೆಸಿರಿ. ಹತ್ತು ವರ್ಷದ ಹಿಂದೆ ಎಷ್ಟಿದ್ದವು ಎಂಬುದನ್ನು ನೀವು ಹೇಳಿರಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಮುಂದಿನ ಮಾತು ಬೇಕಾಗುವುದಿಲ್ಲ.

ನಿಮ್ಮ ಮಕ್ಕಳಿಗೂ ಈ ದಾರಿಯಿದೆ

ಹೈಸ್ಕೂಲು, ಪಿಯುಸಿ ಓದುವ ನಿಮ್ಮ ಮಕ್ಕಳನ್ನು ರಜೆಯ ದಿನ ಈ ವಿದ್ಯಾರ್ಥಿಯ ಜೊತೆ ಕಳಿಸಿರಿ. "ಹೊಲದಾಗ ಏನೈತಿ, ಓದಿ ಬೆಂಗಳೂರಿಗೆ ಹೋಗು" ಎಂದು ಹೇಳುವ ತಂದೆತಾಯಿಗಳ ಕಷ್ಟ ನಮಗೆ ಗೊತ್ತು. ಆದರೆ ಬಯಲಿನಲ್ಲಿ ನಿಂತು ಮಾಡುವ, ಓದನ್ನೂ ಬೇಡುವ, ಸಂಬಳವನ್ನೂ ಕೊಡುವ ಕೆಲಸಗಳು ಹಲವು ಇವೆ ಎಂಬುದು ಮಕ್ಕಳಿಗೆ ತಿಳಿಯದೆ ಹೋಗಬಾರದು. ಮಣ್ಣು ಸಮೀಕ್ಷೆ ಮಾಡುವವರು, ಜಲಾನಯನ ಕಾಮಗಾರಿ ರೂಪಿಸುವವರು, ಅಂತರ್ಜಲ ಹುಡುಕುವ ಭೂವಿಜ್ಞಾನಿಗಳು, ಕಾಲುವೆ ನೋಡಿಕೊಳ್ಳುವ ಎಂಜಿನಿಯರರು, ಅರಣ್ಯ ಕಾಯುವವರು, ಸಸಿಮಡಿ ನಡೆಸುವವರು, ಬೀಜೋತ್ಪಾದನೆಯವರು, ಎಲ್ಲರೂ ನೆಲ ನೀರು ಗಿಡಗಳನ್ನೇ ನಂಬಿ ಬದುಕುವವರು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕನ್ನಡದಲ್ಲಿಯೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಪಿಯುಸಿ ವಿಜ್ಞಾನ ಓದಿದವರಿಗೆ ಕೃಷಿ ಪದವಿಯಿದೆ. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್, ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯ, ಬಾಗಲಕೋಟೆಯ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ, ಬೀದರಿನ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಓದಬಹುದು. ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಲ್ಲಿ ರೈತರಿಗೇ ತರಬೇತಿಗಳು ನಡೆಯುತ್ತವೆ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಮೀಸಲಾದ ಸ್ಥಾನಗಳಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೊಂದಿದ್ದು, ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸಿ ಹೇಳಬೇಕಾಗುತ್ತದೆ. ಅಚ್ಚರಿಯೆಂದರೆ ಕೂರಿಗೆ, ಕುಂಟೆಗಳ ನಡುವೆ ಬೆಳೆದ ಮಕ್ಕಳಿಗೂ ಈಗ ಅವುಗಳ ಹೆಸರು ಬರುವುದಿಲ್ಲ. ಹೊಲಕ್ಕೆ ಕರೆದೊಯ್ಯದೆ ಬೆಳೆಸಿದರೆ ರೈತನ ಮಗನೂ ಆ ಪರೀಕ್ಷೆಯಲ್ಲಿ ಪಟ್ಟಣದ ಹುಡುಗನಂತೆಯೇ ನಿಲ್ಲಬೇಕಾಗುತ್ತದೆ. ಆಯಾ ವರ್ಷದ ನಿಯಮ, ದಿನಾಂಕಗಳನ್ನು ಆ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಹೇಗೆ ಅರ್ಜಿ ಹಾಕಿದೆ, ಖರ್ಚು ಎಷ್ಟಾಯಿತು ಎಂಬುದನ್ನು ನಿಮ್ಮ ಮನೆಗೆ ಬಂದ ವಿದ್ಯಾರ್ಥಿಯೇ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲ.

ರೈತರು ಗಮನಿಸಬೇಕಾದ ಅಂಶಗಳು

1. ನಿಮ್ಮ ಊರಿಗೆ ವಿದ್ಯಾರ್ಥಿಗಳು ಬೇಕೆಂದರೆ ಬಿತ್ತನೆಗೂ ಮುಂಚೆಯೇ ಗ್ರಾಮ ಪಂಚಾಯಿತಿ ಮೂಲಕ ಮಹಾವಿದ್ಯಾಲಯದ ಡೀನರಿಗೆ ಪತ್ರ ಬರೆಯಿರಿ. ವಾಸಕ್ಕೆ ಯಾವ ವ್ಯವಸ್ಥೆಯಿದೆ ಎಂಬುದನ್ನೂ ತಿಳಿಸಿರಿ.

2. ವಿದ್ಯಾರ್ಥಿಗೆ ಕೆಲಸ ಕೊಡಿರಿ. ಎಡೆ ಹೊಡೆಯಲಿ, ಕಳೆ ತೆಗೆಯಲಿ, ತೊಗರಿಯ ಕುಡಿ ಚಿವುಟಲಿ. ಬಿತ್ತಿದ 45ರಿಂದ 50 ದಿನಕ್ಕೆ ಕುಡಿ ಚಿವುಟಿದರೆ ಪಕ್ಕದ ಕವಲು ಹೆಚ್ಚುತ್ತವೆ. ಅವನು ಬರುವ ಕಾಲಕ್ಕೇ ಈ ಕೆಲಸವೂ ಬರುತ್ತದೆ.

3. ತೊಗರಿ ಗಿಡ ಒಣಗಿದ್ದು ಕಂಡರೆ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿಸಿರಿ. ಒಳಗೆ ಕಪ್ಪು ಗೆರೆಯಿದ್ದರೆ ನೆಟೆ ರೋಗ. ಅಂತಹ ಹೊಲಕ್ಕೆ ಮುಂದಿನ ವರ್ಷ ಟಿ.ಎಸ್.-3ಆರ್ ನಂತಹ ರೋಗ ನಿರೋಧಕ ತಳಿಯ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

4. ಗುಡುಗು ಸಿಡಿಲಿನ ವೇಳೆ ಅವನನ್ನು ಬಯಲಿನಲ್ಲಿ ಅಥವಾ ಒಂಟಿ ಮರದ ಕೆಳಗೆ ನಿಲ್ಲಲು ಬಿಡಬೇಡಿರಿ. ಹಾವಿರುವ ಬದು, ಪಾಳುಬಾವಿಗಳನ್ನು ಮೊದಲ ದಿನವೇ ತೋರಿಸಿರಿ.

5. ಕೀಟನಾಶಕ ಸಿಂಪಡಿಸುವಾಗ ಅವನು ಮುಖಕ್ಕೆ ಬಟ್ಟೆ, ಕೈಗೆ ಚೀಲ ಹಾಕಿಕೊಂಡರೆ ನಗಬೇಡಿರಿ. ನೀವೂ ಹಾಕಿಕೊಳ್ಳಿರಿ.

6. ಅವನು ಹೊರಡುವ ಮುಂಚೆ ಮಳೆಯ ಅಳತೆ, ನೀರಿನ ಮಟ್ಟ, ಮಣ್ಣಿನ ಪದರ, ಪರೀಕ್ಷೆಯ ಫಲ ಇವುಗಳ ಒಂದು ಪ್ರತಿಯನ್ನು ಕೇಳಿ ಇಸಿದುಕೊಳ್ಳಿರಿ. ಪಹಣಿ ಇಟ್ಟ ಪೆಟ್ಟಿಗೆಯಲ್ಲಿಯೇ ಅದನ್ನೂ ಇಡಿರಿ.

7. ಮುಂದಿನ ವರ್ಷ ಬೇರೆ ವಿದ್ಯಾರ್ಥಿ ಬಂದರೆ ಮೊದಲು ಆ ಪುಸ್ತಕವನ್ನು ಅವನ ಕೈಗೆ ಕೊಡಿರಿ. ಹಿಂದಿನವನು ಬಿಟ್ಟ ಸಾಲಿನಿಂದ ಅವನು ಬರೆಯಲು ತೊಡಗಲಿ. ನಾಲ್ಕು ವರ್ಷ ಹೀಗೆ ನಡೆದರೆ ನಿಮ್ಮ ತಗ್ಗಿನ ಹೊಲದ ನೀರು ಮೇಲೇರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.